ಜಾವಾದ್ವೀಪದ ಹಳ್ಳಿಯ ಶಾಂತಿ

ಜಾವಾ ಎಂದೊಡನೆ ನಮ್ಮ ವಿದ್ಯಾವಂತರ ಮನಸ್ಸು ಬೊರೊಬುದೂರಿನ ಸ್ತೂಪದ ಕಡೆಗೂ ಪ್ರಂಬಾನನ್ನಿನ ಶಿವಾಲಯದ ಕಡೆಗೂ ಹರಿಯುವುದು ವಾಡಿಕೆ. ಅಲ್ಲಿಯ ಶಿಲ್ಪಿಗಳು ರಾಮಾಯಣವನ್ನು ಕಲ್ಲಿನಲ್ಲಿ ಕಡೆದಿಟ್ಟುದನ್ನು ನೆನೆದು ನಮ್ಮವರು ಹೆಮ್ಮೆಪಡುವರು. ಆದರೆ ಆ ದೇವಾಲಯಗಳ ಸಮೀಪದಲ್ಲಿಯೇ ಮೊಳಕಾಲುದ್ದ ಕೆಸರಿನಲ್ಲಿ ನಿಂತು ನಾಟಿಮಾಡುವ ರೈತನ ಗದ್ದೆ ಎಷ್ಟು, ಅದು ಅವನದೆಂಬುದಕ್ಕೆ ಆಧಾರವೇನು, ಅವನ ಮಕ್ಕಳು ಎಲ್ಲಿಗೆ ಹೋಗಿ ದುಡಿಯುವರು ಎಂಬುದನ್ನು ವಿಚಾರಿಸಿದವರು ಕಡಿಮೆ. ಆ ದ್ವೀಪವನ್ನು ಸುತ್ತಿಬಂದವರು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುವರು: ಅಲ್ಲಿಯ ಹಳ್ಳಿಗಳು ಬಹು ಪ್ರಶಾಂತವಾಗಿವೆ ಎಂದು. ಆ ಮಾತು ಸುಳ್ಳಲ್ಲ. ಆದರೆ ಆ ಶಾಂತಿಯು ಯಾವ ನೆಲೆಯ ಮೇಲೆ ನಿಂತಿರುವುದೆಂಬುದು ವಿಚಾರಾರ್ಹವಾದ ಸಂಗತಿ. ಇಂದಿನ ನಮ್ಮ ಲೇಖನದ ಉದ್ದೇಶವು ಇದೇ.

ಜಾವಾದ ವಿಸ್ತೀರ್ಣವು ನಮ್ಮ ಕರ್ನಾಟಕ ರಾಜ್ಯದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಅಲ್ಲಿ ೧೮೧೫ರ ಎಣಿಕೆಯಂತೆ ಸುಮಾರು ೪೫ ಲಕ್ಷ ಜನರಿದ್ದರು. ೧೯೩೦ರ ಜನಗಣತಿಯಲ್ಲಿ, ನೆರೆಯ ಮದುರಾ ದ್ವೀಪವೂ ಸೇರಿ, ಅದು ನಾಲ್ಕು ಕೋಟಿಯನ್ನು ಮೀರಿತು. ೨೦೨೦ರ ಜನಗಣತಿಯಲ್ಲಿ ೧೫ ಕೋಟಿಗೂ ಹೆಚ್ಚಾಯಿತು. ಜನ ಬೆಳೆದಂತೆ ನೆಲ ಬೆಳೆಯಲಿಲ್ಲ. ಈಗ ಅಲ್ಲಿಯ ರೈತರಲ್ಲಿ ಬಹುಪಾಲು ಮಂದಿಯ ಹಿಡುವಳಿಯು ಅರ್ಧ ಹೆಕ್ಟೇರಿಗೂ, ಎಂದರೆ ಒಂದೂಕಾಲು ಎಕರೆಗೂ, ಕಡಿಮೆಯಾಗಿದೆ. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳೆಲ್ಲವೂ ತಾವಾಗಿಯೇ ಅರ್ಥವಾಗುವುವು.

ಗ್ರಾಮಕ್ಕೆ ಅಲ್ಲಿಯ ಹೆಸರು 'ದೇಸಾ'. ಇದು ನಮ್ಮ 'ದೇಶ'ವೇ ಸರಿ. ಹಳ್ಳಿಯಿಂದ ಹಳ್ಳಿಗೆ ಹಬ್ಬಿದ ನೀರುಗದ್ದೆಗಳ ನಡುವೆ ತೆಂಗು ಬಾಳೆಗಳ ತೋಪೊಂದು ಕಂಡರೆ ಅದರೊಳಗೆ ಊರಿದೆಯೆಂದು ತಿಳಿಯಬೇಕು. ಪ್ರತಿ ಮನೆಯ ಸುತ್ತಲೂ 'ಪೆಕರಂಗನ್' ಎಂಬ ಹಿತ್ತಲಿರುವುದು. ಅದರಲ್ಲಿ ತೆಂಗು, ಬಾಳೆ, ಪಪಾಯಿ, ಮರಗೆಣಸು, ನಾಲ್ಕು ಕೋಳಿ, ಅನುಕೂಲವಿದ್ದವರಿಗೆ ಒಂದು ಹಸು ಅಥವಾ ಆಡು. ಮತದಿಂದ ಜನರು ಬಹುತರವಾಗಿ ಮುಸಲ್ಮಾನರಾದರೂ ಭತ್ತದ ದೇವಿಯಾದ ದೇವಿ ಶ್ರೀಯ ನೆನಪು ಅಳಿದಿಲ್ಲ. ವಾರಕ್ಕೆ ಏಳು ದಿನಗಳಿದ್ದಂತೆಯೇ ಲೆಗಿ, ಪಹಿಂಗ್, ಪೋನ್, ವಗೆ, ಕ್ಲಿವೋನ್ ಎಂಬ ಐದು ದಿನಗಳ ಇನ್ನೊಂದು ವಾರವೂ ಅಲ್ಲಿ ನಡೆಯುವುದು. ಹಳ್ಳಿಯ ಸಂತೆಗಳು ಈ ಐದು ದಿನಗಳ ಸರದಿಯಂತೆ ಕೂಡುತ್ತಿದ್ದುವು. ಸುರಕರ್ತಾ ನಗರದಲ್ಲಿ ಈಗಲೂ ಲೆಗಿ ಪೇಟೆ, ಕ್ಲಿವೋನ್ ಪೇಟೆಗಳೆಂಬ ಹೆಸರುಗಳಿವೆ.

ಹಳ್ಳಿಯ ಶಾಂತಿಯು ಆಕಾಶದಿಂದ ಇಳಿದುದಲ್ಲ. ಜನರು ಪಾಳಿಯ ಮೇಲೆ ದುಡಿದು ಅದನ್ನು ಕಾಪಾಡುವರು. ರಾತ್ರಿ ಗಂಡಸರು ಸರದಿಯಂತೆ ಗಸ್ತು ತಿರುಗುವರು. ಬೀದಿಯ ಮೂಲೆಯ ಕಾವಲು ಚಪ್ಪರದಲ್ಲಿ ಸೀಳು ಕೊರೆದ ಮರದ ಕೊಂಬೊಂದು ತೂಗುತ್ತಿರುವುದು. ಕಳ್ಳನಿಗೆ ಒಂದು ಬಡಿತ, ಬೆಂಕಿಗೆ ಬೇರೊಂದು ಬಡಿತ. ಅನೇಕ ಊರುಗಳಲ್ಲಿ ಪ್ರತಿ ಮನೆಯ ಮುಂದೆ ಚಿಕ್ಕದೊಂದು ಡಬ್ಬಿಯನ್ನು ಕಟ್ಟಿ ಅದರಲ್ಲಿ ಹಿಡಿ ಅಕ್ಕಿಯನ್ನೋ ಚಿಲ್ಲರೆ ಕಾಸನ್ನೋ ಇಡುವರು. ಗಸ್ತಿನವರು ಅದನ್ನು ಕೂಡಿಸಿ ಊರ ನಿಧಿಗೆ ಸೇರಿಸುವರು. ಮನೆ ಕಟ್ಟುವಾಗ ನೆರೆಯವರು ಕೂಲಿಯಿಲ್ಲದೆ ಬಂದು ಕೈಗೂಡಿಸುವರು. ಉಣ್ಣಿಸುವುದಷ್ಟೇ ಮನೆಯವನ ಹೊಣೆ. ಹೊರಗಿನವನೊಬ್ಬನು ರಾತ್ರಿ ತಂಗಿದರೆ ೨೪ ಗಂಟೆಗಳೊಳಗಾಗಿ ಕೇರಿಯ ಮುಖ್ಯಸ್ಥನಿಗೆ ತಿಳಿಸಬೇಕೆಂಬ ಫಲಕವನ್ನು ಬೀದಿಯ ಬಾಯಲ್ಲಿ ತೂಗುಹಾಕಿರುವರು.

ಈ ಕೇರಿ ಕೂಟದ ವ್ಯವಸ್ಥೆಯ ಹುಟ್ಟು ಮಾತ್ರ ಅಷ್ಟು ಸೌಮ್ಯವಾದುದಲ್ಲ. ೧೯೪೨ರಿಂದ ೧೯೪೫ರ ವರೆಗೆ ಜಪಾನೀಯರು ಆ ದ್ವೀಪವನ್ನು ಆಕ್ರಮಿಸಿಕೊಂಡಿದ್ದಾಗ, ಮನೆಮನೆಯ ಮೇಲೂ ಕಣ್ಣಿಡುವುದಕ್ಕಾಗಿ ತಮ್ಮ ದೇಶದ ನೆರೆಕೂಟದ ಪದ್ಧತಿಯನ್ನು ಅಲ್ಲಿ ತಂದರು. ಅವರು ಹೋದರು, ಕೂಟ ಉಳಿಯಿತು. ಜನರು ಅದನ್ನು ಪರಸ್ಪರ ಸಹಾಯಕ್ಕೆ ತಿರುಗಿಸಿಕೊಂಡರು. ಆಳುವವರು ನಿಗಾ ಇಡುವುದಕ್ಕೂ ಬಳಸಿಕೊಂಡರು. ಒಂದೇ ಸಂಸ್ಥೆಯು ಆಸರೆಯೂ ಆಗಬಲ್ಲುದು, ಬೇಹುಗಾರಿಕೆಯೂ ಆಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಇನ್ನು ಆಸ್ತಿಯ ವಿಚಾರ. ಜಾವಾದ ರೂಢಿಯಲ್ಲಿ ಹೆಣ್ಣುಮಕ್ಕಳಿಗೂ ಭೂಮಿಯಲ್ಲಿ ಪಾಲುಂಟು. ಕೆಲವೆಡೆ ಗಂಡಿಗೆ ಎರಡು, ಹೆಣ್ಣಿಗೆ ಒಂದು. ಗಂಡಸು ಕಾವಡಿಯ ಎರಡು ಹೊರೆ ಹೊರುವನು, ಹೆಂಗಸು ಬೆನ್ನಿಗೆ ಕಟ್ಟಿದ ಒಂದು ಹೊರೆ ಹೊರುವಳು ಎಂದು ಅದಕ್ಕೆ ಅವರು ಕೊಡುವ ಉಪಮಾನ. ಮತ್ತೆ ಹಲವೆಡೆ ಇಬ್ಬರಿಗೂ ಸಮಪಾಲು. ಮದುವೆಯಾದ ಮೇಲೆ ದಂಪತಿಗಳು ಕೂಡಿ ಗಳಿಸಿದುದಕ್ಕೆ 'ಗೊನೊ-ಗಿನಿ' ಎಂದು ಹೆಸರು. ಬೇರ್ಪಟ್ಟರೆ ಅದನ್ನು ಇಬ್ಬರೂ ಹಂಚಿಕೊಳ್ಳುವರು. ಇದು ನ್ಯಾಯವಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಲೆಮಾರಿಗೊಮ್ಮೆ ಹಂಚಿದ ಗದ್ದೆಯು ಕಡೆಗೆ ಅಂಗಳದಷ್ಟಾಗುವುದೂ ಇದರ ಫಲವೇ. ಗದ್ದೆಯಿಲ್ಲದವನು ಅನ್ಯರ ಗದ್ದೆಯನ್ನು ವಾರಕ್ಕೆ ಮಾಡುವನು. ಗ್ರಾಮದ ಮುಖ್ಯಸ್ಥನಿಗೂ ಅವನ ಸಹಾಯಕರಿಗೂ ಸಂಬಳಕ್ಕೆ ಪ್ರತಿಯಾಗಿ 'ಬೆಂಗ್ಕೊಕ್' ಎಂಬ ಉಂಬಳಿ ಗದ್ದೆಯನ್ನು ಬಿಟ್ಟುಕೊಡುವ ಸಂಪ್ರದಾಯವಿದೆ. ಆದಕಾರಣ ಅಧಿಕಾರವೆಂದರೆ ಅಲ್ಲಿ ನೆಲವೂ ಹೌದು. ಮುಖ್ಯಸ್ಥನ ಚುನಾವಣೆಗೆ ಊರು ಬಿಸಿಯಾಗುವುದು ಇದಕ್ಕಾಗಿಯೇ.

ಈ ನೆಲದ ಲೆಕ್ಕಕ್ಕೂ ನಮ್ಮ ನಾಡಿಗೂ ಒಂದು ಸಂಬಂಧವುಂಟೆಂಬುದನ್ನು ವಾಚಕರಲ್ಲಿ ಅನೇಕರು ಅರಿಯರು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳತೆಮಾಡಿಸಿ, ನಮ್ಮ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿಯೇ ೧೮೧೧ರಲ್ಲಿ ಆಂಗ್ಲರ ದಂಡಿನೊಡನೆ ಜಾವಾಕ್ಕೆ ಹೋದನು. ಅಲ್ಲಿಯ ಭೂಮಿಯ ಹಕ್ಕುಗಳನ್ನು ವಿಚಾರಿಸಲು ರಾಫಲ್ಸನು ನೇಮಿಸಿದ ಸಮಿತಿಗೆ ಅವನೇ ಮುಖ್ಯಸ್ಥನಾಗಿದ್ದನು. ರಾಫಲ್ಸನು ತಂದ ಕಂದಾಯದ ಏರ್ಪಾಡಿಗೆ ಮದರಾಸು ಪ್ರಾಂತದ ರೈತವಾರಿ ಪದ್ಧತಿಯೇ ಮಾದರಿಯಾಯಿತು. ಹೀಗೆ ಇಲ್ಲಿ ಹಿಡಿದ ಅಳತೆಯ ಸರಪಣಿಯನ್ನು ಅಲ್ಲಿಯೂ ಹಿಡಿದರು. ಉಭಯತ್ರ ಉದ್ದೇಶವೊಂದೇ: ರೈತನು ಎಷ್ಟು ಕೊಡಬಲ್ಲನೆಂದು ತಿಳಿಯುವುದು.

ಆಂಗ್ಲರು ೧೮೧೬ರಲ್ಲಿ ಹಿಂದಿರುಗಿದರು. ಡಚ್ಚರು ೧೮೩೦ರಿಂದ ಬೇರೊಂದು ವಿಧಾನವನ್ನು ಹಿಡಿದರು. ಗ್ರಾಮದ ಭೂಮಿಯ ಐದರಲ್ಲೊಂದು ಪಾಲಿನಲ್ಲಿ ಸರಕಾರಕ್ಕೆ ಬೇಕಾದ ಕಬ್ಬು ಅಥವಾ ನೀಲಿಯನ್ನು ಬೆಳೆದುಕೊಡಬೇಕೆಂದು ವಿಧಿಸಿದರು. ಬೆಟ್ಟದ ಸೀಮೆಯಲ್ಲಿ ಕಾಫಿ ಬೆಳೆಸಿದರು. ಕಾಗದದಲ್ಲಿ ಐದನೆಯ ಒಂದು. ಆಚರಣೆಯಲ್ಲಿ ಅದಕ್ಕಿಂತ ಹೆಚ್ಚು. ಹಾಲೆಂಡಿನ ಬೊಕ್ಕಸ ತುಂಬಿತು. ಭತ್ತದ ನಾಡಾದ ದೆಮಾಕ್ ಮತ್ತು ಗ್ರೊಬೊಗನ್ ಸೀಮೆಗಳಲ್ಲಿ ೧೮೫೦ರ ಹೊತ್ತಿಗೆ ಭಯಂಕರವಾದ ಕ್ಷಾಮವಾಯಿತು. ಇದನ್ನು ಎಲ್ಲರೂ ಸುಮ್ಮನೆ ಸಹಿಸಿದರೆಂದು ಭಾವಿಸಬಾರದು. ೧೮೯೦ರ ಸುಮಾರಿಗೆ ಬ್ಲೋರಾ ಸೀಮೆಯ ರೈತನಾದ ಸಮಿನ್ ಎಂಬುವನು ನೆಲ, ನೀರು, ಕಾಡು ಎಲ್ಲರಿಗೂ ಸೇರಿದುವೆಂದು ಬೋಧಿಸಿದನು. ಅವನ ಅನುಯಾಯಿಗಳು ಆಯುಧವೆತ್ತದೆಯೇ ಕಂದಾಯವನ್ನೂ ಬಿಟ್ಟಿಯನ್ನೂ ನಿರಾಕರಿಸಿದರು. ೧೯೦೭ರಲ್ಲಿ ಅವನನ್ನು ಸುಮಾತ್ರಾಕ್ಕೆ ಗಡೀಪಾರು ಮಾಡಿದರು; ಅಲ್ಲಿಯೇ ಅವನು ತೀರಿಕೊಂಡನು. ಅಸಹಕಾರವೆಂಬ ಅಸ್ತ್ರವನ್ನು ಜಾವಾದ ಒಕ್ಕಲಿಗನೂ ತನ್ನಷ್ಟಕ್ಕೆ ತಾನೇ ಕಂಡುಕೊಂಡಿದ್ದನು.

ಸ್ವರಾಜ್ಯವು ಬಂದ ಮೇಲೆ ೧೯೬೦ರಲ್ಲಿ ಹೊಸ ಭೂಕಾಯಿದೆಯಾಯಿತು. ಜನ ದಟ್ಟವಾಗಿರುವ ಸೀಮೆಗಳಲ್ಲಿ ನೀರುಗದ್ದೆಗೆ ಐದು ಹೆಕ್ಟೇರುಗಳ ಮಿತಿಯನ್ನಿಟ್ಟರು. ವಾರದ ಗೇಣಿಯ ಪಾಲನ್ನು ಕ್ರಮಪಡಿಸಲು ಬೇರೆ ಕಾಯಿದೆ ಮಾಡಿದರು. ಕಾಯಿದೆಯ ಜಾರಿಯು ತಡವಾಯಿತು. ೧೯೬೩–೬೪ರಲ್ಲಿ ಕಮ್ಯೂನಿಸ್ಟರ ಬೆಂಬಲದಿಂದ ಭೂಹೀನರು ತಾವೇ ಗದ್ದೆಗಿಳಿದರು. ಭೂಮಾಲಿಕರು ಎದುರು ನಿಂತರು. ೧೯೬೫–೬೬ರಲ್ಲಿ ಸೈನ್ಯದ ನೇತೃತ್ವದಲ್ಲಿ ನಡೆದ ಹತ್ಯಾಕಾಂಡದಲ್ಲಿ ಲಕ್ಷಾಂತರ ಜನರು ಸತ್ತರು. ಮಧ್ಯ ಮತ್ತು ಪೂರ್ವ ಜಾವಾದ ಹಳ್ಳಿಗಳೇ ಅದರ ಮುಖ್ಯ ರಂಗಗಳಾದುವು. ನೆರೆಯವನೇ ನೆರೆಯವನನ್ನು ತೋರಿಸಿಕೊಟ್ಟನು. ಅನಂತರ ಮೂವತ್ತು ವರ್ಷಗಳ ಕಾಲ ಹಳ್ಳಿಯಲ್ಲಿ ಭೂಮಿಯ ಹಂಚಿಕೆಯ ಮಾತೆತ್ತುವುದೇ ಅಪಾಯಕರವಾಗಿತ್ತು. ಹೊರಗಿನಿಂದ ಬಂದವರು ಆ ವರ್ಷಗಳಲ್ಲಿಯೂ 'ಹಳ್ಳಿ ಶಾಂತವಾಗಿದೆ' ಎಂದೇ ಬರೆದುಕೊಂಡಿರಬಹುದು. ತೃಪ್ತಿಯ ಶಾಂತಿಗೂ ಭಯದ ಮೌನಕ್ಕೂ ಹೊರನೋಟಕ್ಕೆ ಭೇದವು ಕಾಣದು.

ಅದೇ ಕಾಲದಲ್ಲಿ ಹೊಸ ಭತ್ತದ ತಳಿಗಳೂ ರಾಸಾಯನಿಕ ಗೊಬ್ಬರವೂ ಬಂದು ಇಳುವರಿ ಹೆಚ್ಚಿತು. ಆದರೆ ಕೊಯ್ಲಿನ ಪದ್ಧತಿ ಬದಲಾಯಿತು. ಮೊದಲು ಊರಿನ ಹೆಂಗಸರು ಯಾರು ಬೇಕಾದರೂ ಗದ್ದೆಗೆ ಬಂದು, ಬೆರಳ ಸಂದಿಯಲ್ಲಿ ಹಿಡಿಯುವ ಕಿರುಗತ್ತಿಯಿಂದ ತೆನೆತೆನೆಯಾಗಿ ಕೊಯ್ದು, ಭತ್ತದಲ್ಲಿಯೇ ಪಾಲು ಪಡೆಯುತ್ತಿದ್ದರು. ೧೯೭೦ರ ದಶಕದಿಂದ ಪೈರನ್ನು ನಿಂತಲ್ಲಿಯೇ ವ್ಯಾಪಾರಿಗೆ ಮಾರುವುದು ಹೆಚ್ಚಿತು. ವ್ಯಾಪಾರಿಯು ಕುಡುಗೋಲು ಹಿಡಿದ ತನ್ನ ಆಳುಗಳನ್ನು ತಂದನು. ಬಡ ಹೆಂಗಸು ಬದುವಿನ ಮೇಲೆ ನಿಂತಳು. ಬೆಳೆ ಹೆಚ್ಚಿದ ವರ್ಷಗಳಲ್ಲಿಯೇ ಅವಳ ಪಾಲು ಹೋಯಿತು.

ನೆಲವು ಸಾಲದಾದಾಗ ಮನುಷ್ಯನು ದಾರಿ ಹಿಡಿಯುವನು. ಜಾವಾದ ದಾರಿಗಳಿಗೂ ಒಂದು ಕಥೆಯಿದೆ. ೧೮೦೮ರಲ್ಲಿ ಡೇಂಡೆಲ್ಸನು ಪಶ್ಚಿಮದ ಆನ್ಯೆರಿನಿಂದ ಪೂರ್ವದ ಪನರುಕನ್‌ವರೆಗೆ ಸುಮಾರು ಸಾವಿರ ಕಿಲೋಮೀಟರುಗಳ ಹೆದ್ದಾರಿಯನ್ನು ಆರಂಭಿಸಿದನು. ಬಿಟ್ಟಿಯ ದುಡಿತದಲ್ಲಿ ಸಾವಿರಾರು ಹಳ್ಳಿಗರು ಸತ್ತರು. ೧೮೬೭ರಲ್ಲಿ ಸೆಮರಾಂಗಿನಿಂದ ಮೊದಲ ರೈಲು ಓಡಿತು. ೨೦೧೮ರಲ್ಲಿ ಜಕಾರ್ತಾದಿಂದ ಸುರಬಾಯಾಕ್ಕೆ ಸುಂಕದ ಹೆದ್ದಾರಿಯು ಸಂಧಿಸಿತು. ಹಳ್ಳಿಯೊಳಗೆ ಕುದುರೆಗಾಡಿಗೆ ಬದಲಾಗಿ ಕಂತಿನ ಮೇಲೆ ಕೊಂಡ ಮೋಟಾರು ಸೈಕಲ್ಲು ಬಂದಿದೆ. ಆದರೆ ಆ ದಾರಿಯಲ್ಲಿ ಹೋಗುವವರು ಯಾರು? ಯುವಕರು ಜಕಾರ್ತಾದ ಕಾರ್ಖಾನೆಗಳಿಗೆ. ಯುವತಿಯರು ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾಗಳ ಮನೆಗೆಲಸಕ್ಕೆ. ಅವರು ಕಳುಹಿಸುವ ಹಣದಿಂದ ಊರಿನಲ್ಲಿ ಬಣ್ಣದ ಮನೆಗಳೇಳುವುವು. ಒಳಗೆ ಅಜ್ಜಿ ಮೊಮ್ಮಕ್ಕಳಿಬ್ಬರೇ. ರಂಜಾನ್ ಮುಗಿದ ಹಬ್ಬಕ್ಕೆ ಕೋಟ್ಯಂತರ ಜನರು ಊರಿಗೆ ಮರಳುವರು. ಆ ನಾಲ್ಕು ದಿನ ಹಳ್ಳಿಯಲ್ಲಿ ಗದ್ದಲವೋ ಗದ್ದಲ. ಅನಂತರ ಮತ್ತೆ ಮೌನ. ಈ ಮೌನದಲ್ಲಿ ಅರ್ಧ ಪಾಲು ಮಕ್ಕಳಿಲ್ಲದ ಮನೆಯ ಮೌನ.

ಉಳಿದ ನೆಲದ ಮೇಲೂ ಈಗ ಹೊಸ ಕಣ್ಣುಗಳು ಬಿದ್ದಿವೆ. ಅನೇಕ ರೈತರ ಬಳಿ ಇದ್ದ ಆಧಾರವೆಂದರೆ ಗ್ರಾಮ ಕಛೇರಿಯ ಹಳೆಯ ಕಂದಾಯ ಪುಸ್ತಕದ ಒಂದು ದಾಖಲೆ ಮಾತ್ರ. ಸರಕಾರವು ೨೦೧೭ರಿಂದ ಊರಿಗೆ ಊರನ್ನೇ ಅಳೆದು ಹಕ್ಕುಪತ್ರ ಕೊಡುವ ಕಾರ್ಯವನ್ನು ಆರಂಭಿಸಿತು, ಇದು ಶ್ಲಾಘ್ಯವಾದುದು. ಆದರೆ ಹಕ್ಕುಪತ್ರವು ರಕ್ಷಣೆಯೂ ಹೌದು, ಮಾರಾಟಕ್ಕೆ ಹಾದಿಯೂ ಹೌದು. ತುಬಾನ್ ಜಿಲ್ಲೆಯ ಸುಮುರ್‌ಗೆನೆಂಗ್ ಎಂಬ ಹಳ್ಳಿಯ ನೆಲವು ತೈಲ ಶುದ್ಧೀಕರಣದ ಕಾರ್ಖಾನೆಗೆ ಹೋಯಿತು. ೨೦೨೧ರ ಫೆಬ್ರವರಿಯಲ್ಲಿ ಆ ಹಳ್ಳಿಗೆ ಒಂದೇ ದಿನ ೧೭ ಹೊಸ ಮೋಟಾರು ಕಾರುಗಳು ಬಂದಿಳಿದುವೆಂಬ ವರ್ತಮಾನವು ಲೋಕವನ್ನೆಲ್ಲ ನಗಿಸಿತು. ವರ್ಷ ಕಳೆಯುವುದರೊಳಗೆ ಆ ಪ್ರದೇಶದ ಜನರು ಕೆಲಸ ಕೊಡಿರೆಂದು ಬೀದಿಗಿಳಿದರು. ಕೆಲವರು ದನಗಳನ್ನು ಮಾರಿ ಉಣ್ಣುತ್ತಿದ್ದರು. ಅತ್ತ ಪುರ್ವೊರೆಜೊ ಜಿಲ್ಲೆಯ ವಡಾಸ್ ಹಳ್ಳಿಯ ಅನೇಕರು ಅಣೆಕಟ್ಟಿನ ಕಲ್ಲಿಗಾಗಿ ತಮ್ಮ ಗುಡ್ಡವನ್ನು ಬಿಟ್ಟುಕೊಡಲೊಲ್ಲೆವೆಂದರು; ೨೦೨೨ರ ಫೆಬ್ರವರಿಯಲ್ಲಿ ಪೊಲೀಸರು ಊರನ್ನು ಹೊಕ್ಕು ಅರುವತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿದೊಯ್ದರು. ಮಾರಿದವನಿಗೂ ನೆಮ್ಮದಿಯಿಲ್ಲ, ಮಾರೆನೆಂದವನಿಗೂ ನೆಮ್ಮದಿಯಿಲ್ಲ.

೨೦೧೪ರ ಗ್ರಾಮ ಕಾಯಿದೆಯು ಹಳ್ಳಿಗಳಿಗೆ ಸ್ವಂತ ಅಧಿಕಾರವನ್ನು ಕೊಟ್ಟು, ಮರುವರ್ಷದಿಂದ ರಾಜ್ಯದ ಬೊಕ್ಕಸದ ಹಣವು ನೇರವಾಗಿ ಅವುಗಳಿಗೆ ದೊರೆಯುವಂತೆ ಮಾಡಿತು. ಇದರಿಂದ ರಸ್ತೆ, ಕಾಲುವೆ, ಸೇತುವೆಗಳು ಎಷ್ಟೋ ಆಗಿವೆ. ಆದರೆ ೨೦೨೪ರ ತಿದ್ದುಪಡಿಯು ಮುಖ್ಯಸ್ಥನ ಅವಧಿಯನ್ನು ಆರು ವರ್ಷಗಳಿಂದ ಎಂಟಕ್ಕೆ ಏರಿಸಿತು. ಅದನ್ನು ಬೇಡಿ ರಾಜಧಾನಿಗೆ ಮೆರವಣಿಗೆ ಬಂದವರು ಮುಖ್ಯಸ್ಥರೇ. ಹಣ ಹೆಚ್ಚಿದಲ್ಲಿ ಲೆಕ್ಕ ಕೇಳುವ ಅವಕಾಶವೂ ಹೆಚ್ಚಬೇಕಾಗಿತ್ತು; ಇಲ್ಲಿ ಅದು ಎರಡು ವರ್ಷ ಮುಂದಕ್ಕೆ ಹೋಯಿತು. ಇದು ಹಿತಕರವಾದ ಮಾರ್ಪಾಟೆಂದು ನಾವು ಒಪ್ಪಲಾರೆವು.

ಅಧಿಕಾರಿಗಳೂ ಪ್ರವಾಸಿಗಳೂ ಹಳ್ಳಿಯ ಶಾಂತಿಯನ್ನು ಹೊಗಳುವಾಗ ಒಂದಿಷ್ಟು ತಡೆದು ವಿಚಾರಿಸುವುದು ಲೇಸು. ರೈತನ ಗದ್ದೆಗೆ ಕಾಗದವುಂಟೆ? ಆ ಕಾಗದವು ಅವನ ಪೆಟ್ಟಿಗೆಯಲ್ಲಿದೆಯೋ, ಸಾಲಗಾರನ ಪೆಟ್ಟಿಗೆಯಲ್ಲಿದೆಯೋ? ಗ್ರಾಮಸಭೆಯಲ್ಲಿ ಮುಖ್ಯಸ್ಥನನ್ನು ಎದುರಿಟ್ಟುಕೊಂಡು ಲೆಕ್ಕ ಕೇಳಿದ ಬಡವನು ಮರುದಿನ ನಿರ್ಭಯವಾಗಿ ಬೀದಿಯಲ್ಲಿ ನಡೆಯಬಲ್ಲನೆ? ಹಬ್ಬಕ್ಕೆ ಬಂದ ಮಗನು ಹಿಂದಿರುಗದೆ ಇಲ್ಲಿಯೇ ಬದುಕುವೆನೆಂದರೆ ಅವನಿಗೆ ದುಡಿಯಲು ನೆಲವುಂಟೆ? ಜಾವಾದ ಹಳ್ಳಿಗರು ಗಸ್ತು ತಿರುಗಿ, ಹಿಡಿ ಅಕ್ಕಿ ಕೂಡಿಸಿ, ತಮ್ಮ ಪಾಲಿನ ಕರ್ತವ್ಯವನ್ನು ಚೆನ್ನಾಗಿಯೇ ಮಾಡುತ್ತಿರುವರು. ಅವರ ಗದ್ದೆಯನ್ನು ಅವರ ಕೈಯಲ್ಲಿಯೇ ಉಳಿಸುವುದು ಆಳುವವರ ಕರ್ತವ್ಯ. ಅದು ಇನ್ನೂ ಪೂರೈಸಿಲ್ಲ.