ಸಮಸ್ಯಾಪೂರಣದಿಂದ ಆನ್‌ಲೈನ್ ಕಮ್ಮಟದವರೆಗೆ

ಕವಿ ಹುಟ್ಟಿನಿಂದಲೇ ಕವಿಯೋ ಅಥವಾ ಅಭ್ಯಾಸದಿಂದ ಕವಿಯಾಗಬಲ್ಲನೋ ಎಂಬುದು ಅಲಂಕಾರಶಾಸ್ತ್ರದಷ್ಟೇ ಹಳೆಯ ಪ್ರಶ್ನೆ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಕಾವ್ಯಕ್ಕೆ ಮೂರು ಕಾರಣಗಳನ್ನು ಹೇಳಿದ ಹಿರಿಯರು ಮೂರನೆಯದನ್ನು ಕಡೆಗಣಿಸಲಿಲ್ಲ. ಶಾಲೆಯಾದರೋ ಮೊದಲನೆಯದನ್ನು ಕೊಡಲಾರದು; ಮೂರನೆಯದನ್ನು ನಿಶ್ಚಯವಾಗಿ ಕೊಡಬಲ್ಲದು. ಹೀಗಿದ್ದರೂ ತರಗತಿಗಳಲ್ಲಿ ಪ್ರಬಂಧರಚನೆಯೆಂಬುದು ಬಹುಮಟ್ಟಿಗೆ ಕಂಠಪಾಠದ ಮತ್ತೊಂದು ಹೆಸರಾಗಿದೆಯೆಂಬುದನ್ನು ಉಪಾಧ್ಯಾಯ ಬಂಧುಗಳು ಬಲ್ಲರು. ಗೈಡಿನ ಪುಟದಿಂದ ಮಗುವಿನ ನಾಲಗೆಗೆ, ನಾಲಗೆಯಿಂದ ಉತ್ತರಪತ್ರಿಕೆಗೆ ಇಳಿದ ವಾಕ್ಯಗಳಲ್ಲಿ ಆ ಮಗುವಿನದೆಂಬುದು ಕೈಬರಹ ಮಾತ್ರ. ಈಚೆಗೆ ಗೈಡಿನ ಸ್ಥಾನಕ್ಕೆ ಯಂತ್ರವೇ ಬಂದಿದೆ. ಕೇಳಿದೊಡನೆ ಕನ್ನಡದಲ್ಲಿಯೂ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆ ಅಂಗೈಯ ಮೊಬೈಲಿನಲ್ಲಿ ಕುಳಿತಿದೆ. ಇಂತಹ ಸಮಯದಲ್ಲಿ, ಅಂತರಜಾಲದ ಮೂಲಕ ನಡೆಯುವ ಸೃಜನಶೀಲ ಬರವಣಿಗೆಯ ಕಮ್ಮಟಗಳ ಸ್ವರೂಪವೇನು, ಅವುಗಳಿಂದ ನಮ್ಮ ಮಕ್ಕಳಿಗೆ ಒದಗಬಹುದಾದ ಪ್ರಯೋಜನವೇನು ಎಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಕಮ್ಮಟವೆಂದರೆ ಮೂಲತಃ ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಸ್ಥಳ. ಸಾಹಿತಿಗಳ ಕಾರ್ಯಶಿಬಿರಕ್ಕೆ ಈ ಹೆಸರು ಬಂದದ್ದು ಸೊಗಸಾಗಿಯೇ ಇದೆ. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆ, ಸಭಾಂಗಣಗಳು ಮುಚ್ಚಿದಾಗ ಇಂತಹ ಶಿಬಿರಗಳು ಜೂಮ್, ಗೂಗಲ್ ಮೀಟ್ ಮೊದಲಾದ ಸಾಧನಗಳ ಪರದೆಗೆ ಏರಿದವು. ನಡೆಯುವ ಕ್ರಮ ಸರಳವಾದುದು. ಹತ್ತು ಹದಿನೈದು ಮಂದಿ ತಂತಮ್ಮ ಮನೆಯಿಂದಲೇ ಕೂಡುತ್ತಾರೆ. ನಿರ್ವಾಹಕರು ಒಂದು ಪದ, ಒಂದು ಚಿತ್ರ, ಒಂದು ಅರ್ಧ ವಾಕ್ಯ ಅಥವಾ ಒಂದು ನಿಬಂಧನೆಯನ್ನು ಕೊಡುತ್ತಾರೆ. ಇದನ್ನೇ ಪ್ರಾಂಪ್ಟ್ ಎನ್ನುವುದು ವಾಡಿಕೆ. ಧ್ವನಿಗಳನ್ನೆಲ್ಲ ಅಡಗಿಸಿ ಹತ್ತು ನಿಮಿಷ ಎಲ್ಲರೂ ಬರೆಯುತ್ತಾರೆ. ಬಳಿಕ ಸರದಿಯಂತೆ ಓದು, ಅಭಿಪ್ರಾಯ. ಹಣ ತೆರದ ಬಳಕೆದಾರರಿಗೆ ಜೂಮ್ ಕೊಡುವ ಕಾಲಾವಕಾಶ ನಲವತ್ತು ನಿಮಿಷ. ನಮ್ಮ ಶಾಲೆಯ ಒಂದು ಪಿರಿಯಡ್ಡಿನಷ್ಟೇ ಎಂಬುದು ವಿನೋದದ ಸಂಗತಿ.

ಇದನ್ನು ಪಶ್ಚಿಮದಿಂದ ಬಂದ ಹೊಸ ಪದ್ಧತಿಯೆಂದು ಕೆಲವರು ಮೆಚ್ಚುವುದೂ ಕೆಲವರು ಮೂಗು ಮುರಿಯುವುದೂ ಉಂಟು. ಎರಡಕ್ಕೂ ಆಧಾರ ಸಾಲದು. ಅವಧಾನಕಲೆಯನ್ನು ಕಂಡವರಿಗೆ ಇದರ ಎಲುಬುಗೂಡು ಪರಿಚಿತವೇ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಕವಿಯ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಬಗೆಯ ತೊಡಕನ್ನು ಒಡ್ಡುತ್ತಾರೆ. ನಿಷೇಧಾಕ್ಷರಿಯವರು ಕವಿ ಅಕ್ಷರ ಅಕ್ಷರವಾಗಿ ಪದ್ಯ ಕಟ್ಟುತ್ತಿರುವಾಗ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನೇ ಬೇಡವೆನ್ನುತ್ತಾರೆ. ದತ್ತಪದಿಯವರು ನಾಲ್ಕು ಪದಗಳನ್ನು ಕೊಡುತ್ತಾರೆ. ಬಿಲ್, ಕಪ್, ಹಾಲ್, ಪೆಟ್ ಎಂಬ ಇಂಗ್ಲಿಷ್ ಪದಗಳನ್ನು ಕೊಟ್ಟರೆಂದಿಟ್ಟುಕೊಳ್ಳೋಣ. ಕವಿ ಅವುಗಳಲ್ಲಿ ಬಿಲ್ಲು, ಕಪ್ಪು, ಹಾಲು, ಪೆಟ್ಟುಗಳನ್ನು ಕಂಡು ರಾಮಾಯಣದ ಸನ್ನಿವೇಶಕ್ಕೆ ಹೊಂದಿಸಬೇಕು. ಸಮಸ್ಯಾಪೂರಣದಲ್ಲಿ ಅಸಂಬದ್ಧವಾಗಿ ತೋರುವ ಕೊನೆಯ ಸಾಲನ್ನು ಕೊಟ್ಟಿರುತ್ತಾರೆ; ಉಳಿದ ಸಾಲುಗಳಿಂದ ಅದಕ್ಕೆ ಸಂಗತಿಯನ್ನು ಕಲ್ಪಿಸಬೇಕು. ಮಕ್ಕಳಿಗಾಗಿ ನಾವೇ ಒಂದನ್ನು ಕಟ್ಟುವುದಾದರೆ, "ಕೂಸು ತಾಯಿಯ ಹೆತ್ತಿತು" ಎನ್ನಬಹುದು. ಚೊಚ್ಚಲ ಮಗು ಹುಟ್ಟುವವರೆಗೆ ಆಕೆ ತಾಯಿಯಾಗಿರಲಿಲ್ಲ ಎಂಬ ಎಳೆ ಸಿಕ್ಕಿದ ಹುಡುಗನಿಗೆ ಸಾಲು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಶತಾವಧಾನಿ ಆರ್. ಗಣೇಶ್ ಅವರು ೨೦೧೨ರ ನವೆಂಬರ್ ೩೦ರಿಂದ ಡಿಸೆಂಬರ್ ೨ರವರೆಗೆ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು. ಆ ದಶಕದಲ್ಲಿಯೇ ಪದ್ಯಪಾನವೆಂಬ ಬಳಗವು ಸಮಸ್ಯೆ, ದತ್ತಪದಿ, ಚಿತ್ರಕ್ಕೆ ಪದ್ಯ ಮೊದಲಾದವುಗಳನ್ನು ಅಂತರಜಾಲದಲ್ಲಿ ಒಡ್ಡಿ ಆಸಕ್ತರಿಗೆ ಛಂದೋಬದ್ಧ ರಚನೆಯನ್ನು ಕಲಿಸತೊಡಗಿತು. ಗಣ ತಪ್ಪಿದರೆ, ಪ್ರಾಸ ಕೆಟ್ಟರೆ ತಿಳಿಸಿ ತಿದ್ದುವವರು ಅಲ್ಲಿದ್ದರು ಎಂಬುದನ್ನು ಗಮನಿಸಬೇಕು. ಈ ಮಾತಿಗೆ ಮುಂದೆ ಮರಳುತ್ತೇವೆ.

ನಿರ್ಬಂಧವು ಪ್ರತಿಭೆಗೆ ಶತ್ರುವಲ್ಲವೆಂಬುದು ಬೇರೆ ಕಡೆಗಳಲ್ಲಿಯೂ ಕಂಡುಕೊಂಡ ವಿಷಯ. ೧೯೬೦ರಲ್ಲಿ ಪ್ಯಾರಿಸ್ಸಿನಲ್ಲಿ ರೇಮೊಂ ಕೆನೊ ಮತ್ತು ಫ್ರಾನ್ಸ್ವಾ ಲ ಲಿಯೊನೆ ಎಂಬುವರು ಊಲಿಪೊ ಎಂಬ ಕೂಟವನ್ನು ಸ್ಥಾಪಿಸಿ ಇಂತಹ ನಿಬಂಧನೆಗಳನ್ನೇ ಶೋಧಿಸಿದರು. ಆ ಕೂಟದ ಜಾರ್ಜ್ ಪೆರೆಕ್ ೧೯೬೯ರಲ್ಲಿ ರೋಮನ್ ಲಿಪಿಯ 'ಇ' ಅಕ್ಷರವೇ ಬಾರದಂತೆ ಒಂದು ಇಡೀ ಕಾದಂಬರಿಯನ್ನು ಪ್ರಕಟಿಸಿದನು. ನಮ್ಮಲ್ಲಿ ಹದಿಮೂರನೆಯ ಶತಮಾನದ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು, ದೇಶ್ಯ ತದ್ಭವಗಳಿಂದಲೇ 'ಕಬ್ಬಿಗರ ಕಾವ'ವನ್ನು ರಚಿಸಿ ಆಗಲೇ ಏಳು ಶತಮಾನಗಳು ಕಳೆದಿದ್ದವು. ಅದಕ್ಕೂ ಮೊದಲು ಹನ್ನೆರಡನೆಯ ಶತಮಾನದ ಶರಣರು ಛಂದಸ್ಸಿನ ಕಟ್ಟನ್ನು ಬಿಟ್ಟು ಅಂಕಿತವೊಂದನ್ನು ಮಾತ್ರ ಉಳಿಸಿಕೊಂಡು ವಚನವೆಂಬ ಹೊಸ ರೂಪವನ್ನೇ ತಂದರು. ಪ್ರಯೋಗವೆಂಬುದು ಕನ್ನಡಕ್ಕೆ ಪರಕೀಯವಾದ ಸರಕಲ್ಲ.

ಶಾಲೆಯ ಮಟ್ಟಕ್ಕೆ ಒಪ್ಪುವ ಒಂದು ನಿಬಂಧನೆಯನ್ನು ಇಲ್ಲಿ ವಿವರವಾಗಿ ನೋಡುವುದು ಲೇಸು: ಒತ್ತಕ್ಷರವಿಲ್ಲದೆ ಐದು ವಾಕ್ಯ ಬರೆಯಿರಿ. ಕೇಳುವುದಕ್ಕೆ ಒಂದನೆಯ ತರಗತಿಯ ಪಾಠದಂತಿದೆ. ಬರೆಯಲು ತೊಡಗಿದರೆ ಮೊದಲು ಮನೆಯವರೇ ಮಾಯವಾಗುತ್ತಾರೆ. ಅಮ್ಮ, ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ ಯಾರೂ ಬರುವಂತಿಲ್ಲ. ತಾಯಿ, ತಂದೆ, ತಂಗಿ, ಮಾವ ಮಾತ್ರ ಉಳಿಯುತ್ತಾರೆ. ನಮ್ಮ ಮಾವಳ್ಳಿಯೂ ಹೋಯಿತು, ಬಸವನಗುಡಿ ಉಳಿಯಿತು. ಆದರೆ 'ಬಸವನಗುಡಿಯಲ್ಲಿ' ಎನ್ನುವ ಹಾಗಿಲ್ಲ, ಸಪ್ತಮಿಯ ಪ್ರತ್ಯಯದಲ್ಲಿಯೇ ಒತ್ತು ಇದೆ. ದ್ವಿತೀಯೆಯ 'ಅನ್ನು' ಹೋಯಿತು. 'ಬರುತ್ತಾನೆ' ಎಂಬ ವರ್ತಮಾನವೂ ಹೋಯಿತು. 'ಇಲ್ಲ' ಎಂದು ಹೇಳುವುದಕ್ಕೂ ಇಲ್ಲ! ಆಗ ಹುಡುಗಿ ಏನು ಮಾಡಬೇಕು? "ಮಳೆ ಬಂದಿತು. ತಂಗಿ ಕೊಡೆಯ ತರಲು ಒಳಗೆ ಓಡಿದಳು. ಕೊಡೆ ಕಾಣದು. ನಾವು ಮಾವಿನ ಮರದ ಅಡಿಗೆ ಸರಿದು ನಿಂತೆವು." ಕೊಡೆಯನ್ನು ಎಂಬುದು 'ಕೊಡೆಯ' ಆಯಿತು, ಕಾಣಲಿಲ್ಲ ಎಂಬುದು 'ಕಾಣದು' ಆಯಿತು. ವ್ಯಾಕರಣದ ಪಾಠದಲ್ಲಿ ನಿಷೇಧರೂಪವೆಂದು ಬಾಯಿಪಾಠ ಮಾಡಿ ಮರೆತದ್ದು ಈಗ ಅಗತ್ಯಕ್ಕಾಗಿ ಕೈಗೆ ಬಂದಿದೆ. ಹಳಗನ್ನಡ, ನಡುಗನ್ನಡದ ಪದ್ಯಗಳಲ್ಲಿ ಇದೇ ರೂಪಗಳನ್ನು ಮುಂದೆ ಕಂಡಾಗ ಆಕೆ ಅವುಗಳನ್ನು ಗುರುತಿಸದೆ ಇರಳು. ಹತ್ತು ನಿಮಿಷಗಳಲ್ಲಿ ವಿಭಕ್ತಿ, ಕಾಲ, ನಿಷೇಧ ಮೂರನ್ನೂ ಮುಟ್ಟಿಸುವ ಬೇರೆ ಅಭ್ಯಾಸವನ್ನು ನಾವಂತೂ ಕಂಡಿಲ್ಲ.

ಪ್ರಾಂಪ್ಟ್ ಎಲ್ಲವೂ ಇಷ್ಟು ಫಲವತ್ತಾಗಿರುವುದಿಲ್ಲ. 'ಮಳೆಗಾಲ' ಎಂದು ಕೊಟ್ಟರೆ ಅದು ಹಳೆಯ ಪ್ರಬಂಧದ ಶೀರ್ಷಿಕೆಯೇ. ಗೈಡಿನ ವಾಕ್ಯಗಳೇ ಹೊರಬರುತ್ತವೆ. ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು; ನಿನ್ನೆ ಅದರ ಮೇಲೆ ಕುಳಿತು ಕಡಲೆಕಾಯಿ ತಿಂದವರ ಬಗೆಗೆ ಅದು ಮೂರೇ ವಾಕ್ಯ ಹೇಳಲಿ ಎಂದರೆ ಮಗು ಸ್ವಂತ ಕಣ್ಣನ್ನು ಬಳಸದೆ ವಿಧಿಯಿಲ್ಲ.

ಇನ್ನು ದೋಷದ ಮಾತು. ಪರದೆಯ ಕಮ್ಮಟಗಳಲ್ಲಿ ನಾಚಿಕೆಯ ಮಗು ಮುಖ ಮರೆಸಿಕೊಂಡಾದರೂ ಓದುತ್ತದೆ, ಅದು ದೊಡ್ಡ ಗುಣ. ಆದರೆ ಓದಿದ್ದಕ್ಕೆಲ್ಲ 'ಸೂಪರ್' ಎಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಂದಕ್ಕೆ ಹೋಗುವ ರೂಢಿಯೂ ಅಲ್ಲಿಯೇ ಬೆಳೆದಿದೆ. ಅವಧಾನದ ಪೃಚ್ಛಕನು ಸಾಲನ್ನು ಕೊಟ್ಟು ಎದ್ದು ಹೋಗುವುದಿಲ್ಲ. ಪದ್ಯ ಮುಗಿದು ಧಾರಣೆಯಾಗುವವರೆಗೆ ಕುಳಿತು, ತನ್ನ ತೊಡಕು ಬಿಡಿತೋ ಇಲ್ಲವೋ ಎಂದು ನೋಡುತ್ತಾನೆ. ಪದ್ಯಪಾನದ ಬಳಗವು ಅಂತರಜಾಲದಲ್ಲಿಯೂ ಈ ಹೊಣೆಯನ್ನು ಬಿಡಲಿಲ್ಲ. ಪ್ರಶ್ನೆ ಕೊಡುವವರು ಇಂದು ಬಹಳ, ಯಂತ್ರವೂ ಕೊಡುತ್ತದೆ. ಕುಳಿತು ಕೇಳುವವರದೇ ಕೊರತೆ.

ಮನೆಗೆ ಒಂದೇ ಮೊಬೈಲು, ಅದೂ ಸಂಜೆಯವರೆಗೆ ತಂದೆಯ ಜೇಬಿನಲ್ಲಿ ಇರುವಂತಹ ಮಕ್ಕಳು ನಮ್ಮಂತಹ ಶಾಲೆಗಳಲ್ಲಿಯೇ ಹೆಚ್ಚು. ಆದುದರಿಂದ ಮಕ್ಕಳನ್ನು ಒಂಟಿ ಪರದೆಗಳಿಗೆ ಕಳುಹಿಸುವುದಕ್ಕಿಂತ ಶಾಲೆಯ ಒಂದು ಕೊಠಡಿಯಲ್ಲಿಯೇ ಕೂರಿಸಿ, ಒಂದೇ ದೊಡ್ಡ ಪರದೆಯನ್ನಿಟ್ಟು, ಕೈಗೆ ನೋಟುಪುಸ್ತಕ, ಪೆನ್ಸಿಲುಗಳನ್ನು ಕೊಡುವುದು ಸೂಕ್ತವೆಂದು ತೋರುತ್ತದೆ. ಮೊಬೈಲಿನಲ್ಲಿ ಕನ್ನಡ ಮೂಡಿಸುವ ಕಷ್ಟವೂ ತಪ್ಪುತ್ತದೆ, ಯಂತ್ರದ ನೆರವೂ ದೂರವಾಗುತ್ತದೆ. ಪರದೆಯ ಆಚೆ ಕೂರಬೇಕಾದವರು ಹಳೆಯ ವಿದ್ಯಾರ್ಥಿ ಮಿತ್ರರು. ಧನಸಹಾಯವನ್ನು ಉದಾರವಾಗಿ ಮಾಡುತ್ತಿರುವ ಮಹನೀಯರಲ್ಲಿ ತಿಂಗಳಿಗೆ ನಲವತ್ತು ನಿಮಿಷಗಳನ್ನೂ ಬೇಡುವುದು ಅತಿಯಾಸೆಯಾಗಲಾರದು. ಶನಿವಾರ ಸಂಜೆ ೬ ಗಂಟೆಗೆ ಇಲ್ಲಿ ಕಮ್ಮಟವಾದರೆ ಲಂಡನ್ನಿನಲ್ಲಿ ಮಧ್ಯಾಹ್ನ ೧೨-೩೦, ಬೇಸಿಗೆಯಲ್ಲಿ ೧-೩೦. ನ್ಯೂಜೆರ್ಸಿಯಲ್ಲಿ ಬೆಳಗ್ಗೆ ೭-೩೦, ಬೇಸಿಗೆಯಲ್ಲಿ ೮-೩೦. ಒಬ್ಬೊಬ್ಬ ಪೃಚ್ಛಕರಿಗೆ ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ಮಕ್ಕಳ ಬಳಿ ರಬ್ಬರು ಇರಬಾರದು. ಹೊಡೆದುಹಾಕಿದ ಸಾಲೂ ಪೃಚ್ಛಕರ ಕಣ್ಣಿಗೆ ಬೀಳುವಂತಿರಬೇಕು.