ಬದನೆಕಾಯಿಯ ಮೇಲೆ ಹೊರಿಸಿದ ಅಪವಾದ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಯಾರಿಗಾದರೂ ಮೈ ತುರಿಸಿದರೆ ಮೊದಲು ಸಿಕ್ಕಿಬೀಳುವುದು ಬದನೆಕಾಯಿ. ಆಮೇಲೆ ಶೇಂಗಾ, ಆಮೇಲೆ ತತ್ತಿ, ಕೊನೆಗೆ ಪಕ್ಕದ ಮನೆಯವರ ಕಣ್ಣು. ಡಾಕ್ಟರ ಸರದಿ ಇವೆಲ್ಲ ಮುಗಿದ ಮೇಲೆ. ನಾವೂ ಇದನ್ನೇ ಕೇಳಿಕೊಂಡು, ನಂಬಿಕೊಂಡು ಬೆಳೆದವರು. ಆದ್ದರಿಂದ ನಕ್ಕು ತಳ್ಳಿಹಾಕುವುದಕ್ಕಿಂತ ಒಂದೊಂದಕ್ಕೂ ಉತ್ತರ ಹೇಳುವುದು ನ್ಯಾಯ.

ಬದನೆಕಾಯಿ ನಂಜು. ತಿಂದರೆ ಮೈಯೆಲ್ಲ ತುರಿಕೆ, ಗಾಯವಿದ್ದರೆ ಕೀವು.

ವಾಸ್ತವ: ಇದು ಪೂರಾ ಸುಳ್ಳಲ್ಲ, ತೊಡಕು ಇರುವುದೇ ಅಲ್ಲಿ. ಮೈಸೂರಿನ ಸಂಶೋಧಕರು 741 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬದನೆ ಆಗಿಬರದ ಲಕ್ಷಣವೋ ಚರ್ಮ ಪರೀಕ್ಷೆಯ ಗುರುತೋ ಸಿಕ್ಕಿದ್ದು ನೂರಕ್ಕೆ ಸುಮಾರು ಒಂಬತ್ತು ಜನರಲ್ಲಿ. ಆದರೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವ ನಿಜವಾದ ಅಲರ್ಜಿ ನೂರಕ್ಕೆ ಒಬ್ಬರಿಗೂ ಇರಲಿಲ್ಲ. ಉಳಿದವರ ತುರಿಕೆಗೆ ಬದನೆಯಲ್ಲೇ ಇರುವ ಹಿಸ್ಟಮಿನ್‌ನಂಥ ರಾಸಾಯನಿಕಗಳು ಕಾರಣವಾಗಿರಬಹುದು. ಕೀವಿನ ಮಾತು ಬೇರೆ. ಅದನ್ನು ಮಾಡುವುದು ಬ್ಯಾಕ್ಟೀರಿಯಾ, ಎಣ್ಣೆಗಾಯಿ ಅಲ್ಲ. ಗಾಯ ಪದೇ ಪದೇ ಕೀವಾಗುತ್ತಿದ್ದರೆ ರಕ್ತದ ಸಕ್ಕರೆ ನೋಡಿಸಬೇಕು. ಬದನೆ ಬಿಟ್ಟು ಸುಮ್ಮನೆ ಕೂತರೆ ಸಕ್ಕರೆ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಉಣ್ಣುತ್ತಲೇ ಕೂಸಿನ ಮೈಮೇಲೆ ಗಂಧೆ ಎದ್ದರೆ, ವಾಂತಿಯಾದರೆ ಅದು ನೆದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಇಳಿಯುತ್ತದೆ.

ವಾಸ್ತವ: ಇಳಿಯುವುದನ್ನು ನಾವೂ ಕಂಡಿದ್ದೇವೆ. ಗಂಧೆ ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಮೆಣಸಿನಕಾಯಿಗೆ ಬರುತ್ತದೆ. ಮಕ್ಕಳಲ್ಲಿ ಬಹಳಷ್ಟು ಗಂಧೆಗೆ ವೈರಸ್ ಸೋಂಕು ಕಾರಣ, ಊಟವೇ ಅಲ್ಲ. ಆದರೆ ಹಾಲು, ತತ್ತಿ, ಶೇಂಗಾ, ಮೀನಿನಂಥದ್ದು ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ, ಪ್ರತಿ ಸಲವೂ ಹೀಗಾದರೆ ಅಲರ್ಜಿಯ ಅನುಮಾನ ಬಲವಾಗುತ್ತದೆ. ತುಟಿ, ನಾಲಿಗೆ ಊದಿದರೆ, ಉಬ್ಬಸ ಬಂದರೆ, ಕೂಸು ಮಂಕಾಗಿ ಜೋತುಬಿದ್ದರೆ ಬೇಕಾದ್ದು ತೊಡೆಗೆ ಅಡ್ರಿನಾಲಿನ್ ಚುಚ್ಚುಮದ್ದು, ಅದೂ ತಡವಿಲ್ಲದೆ. ಮೆಣಸಿನಕಾಯಿ ಘಾಟು ಆ ಉಬ್ಬಸವನ್ನು ಇನ್ನಷ್ಟು ಕೆಡಿಸುತ್ತದೆ. 108ಕ್ಕೆ ಫೋನ್ ಮಾಡಿ. ಮಸ್ಕಿಯ ಆಚೀಚೆ ಹಳ್ಳಿಯವರು ಸಿಂಧನೂರೋ ಲಿಂಗಸುಗೂರೋ ಎಂದು ಚರ್ಚಿಸದೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ನಿವಾಳಿಸಲೇಬೇಕು ಎನ್ನುವ ಅಜ್ಜಿ, ಕೂಸು ಮನೆಗೆ ಬಂದ ಮೇಲೆ ನಿವಾಳಿಸಲಿ. ಯಾರ ತಕರಾರೂ ಇಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹಾಲಿನ ಅಲರ್ಜಿ. ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಬಿಡಬೇಕು.

ವಾಸ್ತವ: ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಅಲರ್ಜಿಯಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಬಾಲ್ಯ ಕಳೆದಂತೆ ಕಡಿಮೆಯಾಗುತ್ತದೆ, ನಮ್ಮ ದಕ್ಷಿಣದವರಲ್ಲಿ ಬಹಳ ಮಂದಿಗೆ. ಮೊಸರಾಗುವಾಗ ಆ ಸಕ್ಕರೆ ಸ್ವಲ್ಪ ಕರಗುತ್ತದೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ರೊಟ್ಟಿಯ ಜತೆ ಮೊಸರು ಅನೇಕರಿಗೆ ಒಗ್ಗುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಕೂಸಿಗೆ ಮಾತ್ರ ಮೊಸರೂ ಅಪಾಯ. ಎರಡನ್ನೂ ಒಂದೇ ಎಂದುಕೊಂಡರೆ ಒಬ್ಬರು ಸುಮ್ಮನೆ ಬಾಯಿ ಕಟ್ಟುತ್ತಾರೆ, ಇನ್ನೊಬ್ಬರು ಅಪಾಯಕ್ಕೆ ಸಿಗುತ್ತಾರೆ.

ಮೀನು ತಿಂದು ಹಾಲು, ಮೊಸರು ಮುಟ್ಟಿದರೆ ತೊನ್ನು.

ವಾಸ್ತವ: ಇಲ್ಲ. ತೊನ್ನಿನಲ್ಲಿ ಚರ್ಮದ ಬಣ್ಣದ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡುತ್ತದೆ. ಮೊಸರಿನಲ್ಲೇ ಮೀನು ಬೇಯಿಸುವುದು ಬಂಗಾಳಿ ಅಡುಗೆಯ ಹೆಮ್ಮೆ. ಸಂಶಯವಿದ್ದವರು ಸಿಂಧನೂರಿನ ಆರ್‌.ಎಚ್‌. ಕ್ಯಾಂಪುಗಳ ಬಂಗಾಳಿ ನೆಂಟರನ್ನು ಕೇಳಬಹುದು. ಹೆದರಬೇಕಾದ್ದು ಬೇರೆ ಇದೆ: ಐಸ್ ಇಲ್ಲದೆ ಬಿಸಿಲಲ್ಲಿ ಬಂದ ಬಂಗುಡೆಯಂಥ ಮೀನಿನಲ್ಲಿ ಹಿಸ್ಟಮಿನ್ ಕೂಡಿರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಆಗ ಮುಖ ಕೆಂಪಾಗಿ ತುರಿಸುವುದನ್ನು ನಾವು ಮೀನಿನ ಅಲರ್ಜಿ ಎಂದುಬಿಡುತ್ತೇವೆ.

ಗೋಧಿ ಎಲ್ಲರಿಗೂ ಕೆಟ್ಟದ್ದು, ಈಗಲೇ ಬಿಡಬೇಕು.

ವಾಸ್ತವ: ಗೋಧಿಯ ಗ್ಲುಟೆನ್ ಕರುಳನ್ನೇ ಕೆಡಿಸುವ ಸೀಲಿಯಾಕ್ ಕಾಯಿಲೆ ನಿಜ, ಆದರೆ ದಕ್ಷಿಣ ಭಾರತದಲ್ಲಿ ಉತ್ತರಕ್ಕಿಂತ ಬಹಳ ವಿರಳ. ಅನುಮಾನವಿದ್ದರೆ ರಕ್ತ ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು, ಬಿಟ್ಟರೆ ಕಾಯಿಲೆ ಇದ್ದೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಕಾಯಿಲೆ ಖಚಿತವಾದವರಿಗೆ ದುಬಾರಿ ಪಾಕೀಟು ಹಿಟ್ಟು ಬೇಕಿಲ್ಲ. ಜೋಳ, ಸಜ್ಜೆ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಕಣ್ಣಿಡಬೇಕಾದ್ದು ಗಿರಣಿಯ ಮೇಲೆ. ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಗೋಧಿ ಹಿಟ್ಟು ಬೆರೆತೇ ಬರುತ್ತದೆ. ಅಂಗಡಿ ಇಂಗಿನಲ್ಲೂ ಎಷ್ಟೋ ಸಲ ಮೈದಾ ಇರುತ್ತದೆ.

ರಕ್ತ ಕೊಟ್ಟರೆ ಆಗಿಬರದ ಆಹಾರಗಳ ಪಟ್ಟಿಯೇ ಕೈಗೆ ಬರುತ್ತದೆ, ಡಾಕ್ಟರ ಬಳಿ ಕಥೆ ಹೇಳುವುದೇಕೆ?

ವಾಸ್ತವ: ಆ ಕಥೆಯೇ ಮುಖ್ಯ ಪರೀಕ್ಷೆ. ಕರ್ನಾಟಕದ 11,791 ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಆಹಾರಕ್ಕೆ ಪ್ರತಿಕಾಯದ ಗುರುತು ಇದ್ದವರು ಶೇ 26.5, ಅಲರ್ಜಿ ಇರುವ ಸಂಭವವಿದ್ದವರು ಶೇ 1.2 ಮಾತ್ರ. ಬರೀ ವರದಿ ನಂಬಿದ್ದರೆ ನೂರಕ್ಕೆ ಇಪ್ಪತ್ತೈದು ಜನ ಉಣ್ಣುವುದನ್ನು ಸುಮ್ಮನೆ ಬಿಡುತ್ತಿದ್ದರು! ನೂರಾರು ಆಹಾರಗಳ ಪಟ್ಟಿ ಕೊಡುವ ಐಜಿಜಿ ಪರೀಕ್ಷೆಯಂತೂ ನಾವು ಏನೇನು ತಿಂದಿದ್ದೇವೆ ಎಂಬುದನ್ನು ಹೇಳುತ್ತದೆ, ಅಷ್ಟೇ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಅದು ಬೇಡವೆಂದಿದೆ.

ತಾಲ್ಲೂಕು ಆಸ್ಪತ್ರೆಗೆ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ: ಏನು ತಿಂದದ್ದು, ಎಷ್ಟು ಹೊತ್ತಿಗೆ ಏನಾಯಿತು, ಯಾವ ಮಾತ್ರೆ ನುಂಗಿದ್ದು. ಗಂಧೆ ಎದ್ದಾಗಿನ ಮೊಬೈಲ್ ಫೋಟೋ ಇನ್ನೂ ಒಳ್ಳೆಯದು. ಬೇಕಾದರೆ ಡಾಕ್ಟರೇ ರಾಯಚೂರಿನ ರಿಮ್ಸ್‌ಗೆ ಕಳುಹಿಸುತ್ತಾರೆ. ಅನುಮಾನದ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಬಿಡಿಸಿ, ಮತ್ತೆ ಕೊಟ್ಟು ನೋಡುವುದು ರೂಢಿ. ಹಾಗೆ ಎಷ್ಟೋ ಪದಾರ್ಥಗಳು ತಾಟಿಗೆ ವಾಪಸು ಬರುತ್ತವೆ. ತುಟಿ ಊದಿಸಿದ್ದ, ಉಬ್ಬಸ ತಂದಿದ್ದ ಪದಾರ್ಥವನ್ನು ಮಾತ್ರ ಮನೆಯಲ್ಲಿ ಪರೀಕ್ಷೆಗೆಂದು ಕೊಡಕೂಡದು. ಅದು ಆಸ್ಪತ್ರೆಯಲ್ಲಿ, ಚುಚ್ಚುಮದ್ದು ಕೈಗೆಟುಕುವ ಕಡೆ ಆಗಬೇಕಾದ ಕೆಲಸ.