ಎಚ್‌ಇಐಸಿ ಕಡತ

ಎಚ್‌ಇಐಸಿ ಎಂಬುದು ಡಿಜಿಟಲ್ ಛಾಯಾಚಿತ್ರಗಳನ್ನು ಸಂಕುಚಿತ ರೂಪದಲ್ಲಿ ಶೇಖರಿಸಲು ಬಳಸುವ ಒಂದು ಕಡತ ಸ್ವರೂಪ. ಇದು ಹೈ ಎಫಿಷಿಯೆನ್ಸಿ ಇಮೇಜ್ ಫೈಲ್ ಫಾರ್ಮ್ಯಾಟ್ ಅಥವಾ ಎಚ್‌ಇಐಎಫ್ ಎಂಬ ಮಾನಕದ ಒಂದು ಪ್ರಭೇದ. ಐಫೋನಿನಲ್ಲಿ ತೆಗೆದ ಚಿತ್ರಗಳು ಸಾಮಾನ್ಯವಾಗಿ ಈ ಸ್ವರೂಪದಲ್ಲಿರುತ್ತವೆ. ಇದನ್ನು ಓದಬಲ್ಲ ತಂತ್ರಾಂಶವಿಲ್ಲದ ಗಣಕಯಂತ್ರದಲ್ಲಿ ಚಿತ್ರವು ತೆರೆಯುವುದಿಲ್ಲ.

ಇತಿಹಾಸ

ಚಿತ್ರಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಜೆಪೆಗ್ ಮಾನಕವು 1992ರಷ್ಟು ಹಳೆಯದು. ಎಂಪೆಗ್ ಸಮಿತಿಯು ರೂಪಿಸಿದ ಎಚ್‌ಇಐಎಫ್ ಮಾನಕವು 2015ರಲ್ಲಿ ಸಿದ್ಧವಾಯಿತು. 2017ರಲ್ಲಿ ಆಪಲ್ ಸಂಸ್ಥೆಯು ಐಓಎಸ್ 11ರಲ್ಲಿ ಇದನ್ನು ಅಳವಡಿಸಿಕೊಂಡ ನಂತರ ಇದು ಜನಬಳಕೆಗೆ ಬಂದಿತು.

ರಚನೆ

ಎಚ್‌ಇಐಸಿ ಕಡತದಲ್ಲಿ ಚಿತ್ರವನ್ನು ಎಚ್‌ಇವಿಸಿ ಎಂಬ ವೀಡಿಯೊ ಸಂಕೋಚನ ವಿಧಾನದಿಂದ ಸಂಕೇತಿಸಲಾಗುತ್ತದೆ. ಇದರಿಂದ ಸಮಾನ ಗುಣಮಟ್ಟದ ಜೆಪೆಗ್ ಚಿತ್ರಕ್ಕೆ ಹೋಲಿಸಿದರೆ ಕಡತದ ಗಾತ್ರವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದೇ ಕಡತದಲ್ಲಿ ಹಲವು ಚಿತ್ರಗಳನ್ನು ಇರಿಸಲೂ ಸಾಧ್ಯವಿದೆ. ಆದರೆ ಎಚ್‌ಇವಿಸಿ ತಂತ್ರಜ್ಞಾನವು ಪೇಟೆಂಟ್‌ಗಳಿಗೆ ಒಳಪಟ್ಟಿರುವುದರಿಂದ ಎಲ್ಲ ತಂತ್ರಾಂಶಗಳೂ ಅದನ್ನು ಅಳವಡಿಸಿಕೊಂಡಿಲ್ಲ.

ವಿಸ್ತರಣೆಯ ಬದಲಾವಣೆ

ಕಡತದ ಹೆಸರಿನ ಕೊನೆಯಲ್ಲಿರುವ ವಿಸ್ತರಣೆಯನ್ನು ಜೆಪಿಜಿ ಎಂದು ತಿದ್ದಿದ ಮಾತ್ರಕ್ಕೆ ಚಿತ್ರವು ಜೆಪೆಗ್ ಆಗುವುದಿಲ್ಲ. ವಿಸ್ತರಣೆಯು ಡಬ್ಬಿಯ ಮೇಲಿನ ಚೀಟಿಯಂತೆ. ಚೀಟಿ ಬದಲಾದರೂ ಒಳಗಿನ ದತ್ತಾಂಶ ಹಾಗೆಯೇ ಉಳಿಯುತ್ತದೆ. ಸ್ವರೂಪವನ್ನು ನಿಜವಾಗಿ ಬದಲಿಸಲು ಚಿತ್ರವನ್ನು ಒಂದು ತಂತ್ರಾಂಶದಲ್ಲಿ ತೆರೆದು, ಹೊಸ ಸ್ವರೂಪದಲ್ಲಿ ಮತ್ತೆ ಉಳಿಸಬೇಕು.

ತೆರೆಯುವ ವಿಧಾನಗಳು

ವಿಂಡೋಸ್: ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹೀಫ್ ಇಮೇಜ್ ಎಕ್ಸ್‌ಟೆನ್ಷನ್ಸ್ ಎಂಬ ಉಚಿತ ಸೇರ್ಪಡೆಯನ್ನು ಸ್ಥಾಪಿಸಬೇಕು. ಇದರೊಂದಿಗೆ ಎಚ್‌ಇವಿಸಿ ವೀಡಿಯೊ ಎಕ್ಸ್‌ಟೆನ್ಷನ್ಸ್ ಎಂಬ ಸೇರ್ಪಡೆಯೂ ಅಗತ್ಯ. ಅನಂತರ ಫೋಟೋಸ್ ತಂತ್ರಾಂಶದಲ್ಲಿ ಚಿತ್ರ ತೆರೆಯುತ್ತದೆ.

ಮ್ಯಾಕ್: ಮ್ಯಾಕ್‌ಓಎಸ್ ಹೈ ಸಿಯೆರಾ ಮತ್ತು ನಂತರದ ಆವೃತ್ತಿಗಳಲ್ಲಿ ಪ್ರತ್ಯೇಕ ಸೇರ್ಪಡೆ ಬೇಕಿಲ್ಲ. ಪ್ರಿವ್ಯೂನಲ್ಲಿ ತೆರೆದು, ಎಕ್ಸ್‌ಪೋರ್ಟ್ ಆಯ್ಕೆಯ ಮೂಲಕ ಜೆಪೆಗ್ ಆಗಿ ಉಳಿಸಬಹುದು.

ಲಿನಕ್ಸ್: ಲಿಬ್‌ಹೀಫ್ ಎಂಬ ಮುಕ್ತ ತಂತ್ರಾಂಶ ಸಂಗ್ರಹವನ್ನು ಬಳಸುವ ಗಿಂಪ್‌ನಂತಹ ತಂತ್ರಾಂಶಗಳು ಇದನ್ನು ಓದಬಲ್ಲವು.

ಐಫೋನ್: ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್ ವಿಭಾಗಕ್ಕೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆರಿಸಿದರೆ ಮುಂದಿನ ಚಿತ್ರಗಳು ಜೆಪೆಗ್ ಸ್ವರೂಪದಲ್ಲಿ ದಾಖಲಾಗುತ್ತವೆ. ಈಗಾಗಲೇ ತೆಗೆದ ಚಿತ್ರಗಳು ಇದರಿಂದ ಬದಲಾಗುವುದಿಲ್ಲ.

ಜೆಪೆಗ್‌ಗೆ ಪರಿವರ್ತಿಸುವಾಗ ಗುಣಮಟ್ಟ ತುಸು ಕುಗ್ಗುವುದರಿಂದ ಮೂಲ ಕಡತವನ್ನು ಉಳಿಸಿಕೊಳ್ಳುವುದು ಸೂಕ್ತ. ಗುರುತಿನ ಚೀಟಿಯಂತಹ ಖಾಸಗಿ ಚಿತ್ರಗಳನ್ನು ಅಂತರಜಾಲದ ಪರಿವರ್ತನಾ ತಾಣಗಳಿಗೆ ಏರಿಸಿದರೆ ಅವು ಇತರರ ಸರ್ವರ್‌ಗೆ ತಲುಪುತ್ತವೆ. ಅಂತಹವನ್ನು ಸ್ವಂತ ಗಣಕಯಂತ್ರದಲ್ಲಿಯೇ ಪರಿವರ್ತಿಸುವುದು ಸುರಕ್ಷಿತ.

ಪರೀಕ್ಷಾರ್ಥಿಗಳಿಗೆ ಎದುರಾದ ತೊಡಕು

2020ರ ಮೇ ತಿಂಗಳಿನಲ್ಲಿ ಅಮೆರಿಕದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳು ಕೋವಿಡ್ ಸಾಂಕ್ರಾಮಿಕದ ಕಾರಣ ಆನ್‌ಲೈನ್‌ನಲ್ಲಿ ನಡೆದವು. ಕೈಬರಹದ ಉತ್ತರಗಳ ಛಾಯಾಚಿತ್ರ ತೆಗೆದು ಸಲ್ಲಿಸಲು ಅವಕಾಶವಿದ್ದರೂ, ಸಲ್ಲಿಕೆಯ ವ್ಯವಸ್ಥೆಯು ಎಚ್‌ಇಐಸಿ ಕಡತಗಳನ್ನು ಸ್ವೀಕರಿಸುತ್ತಿರಲಿಲ್ಲ. ಇದರಿಂದ ಕೆಲವು ಐಫೋನ್ ಬಳಕೆದಾರ ವಿದ್ಯಾರ್ಥಿಗಳ ಉತ್ತರಗಳು ನಿಗದಿತ ಸಮಯದೊಳಗೆ ಸಲ್ಲಿಕೆಯಾಗಲಿಲ್ಲ. ಅಂಥವರು ಜೂನ್‌ನ ಮರುಪರೀಕ್ಷೆಗೆ ಕೋರಬೇಕಾಯಿತು.